ದಿನದ ನಂಬರ್ ಪುಸ್ತಕ: ಅಕ್ಕನ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕೀಮೋ ಹಾಕಿ ಎಷ್ಟನೇ ದಿನ ಅಂತ ಲೆಕ್ಕ ಇಟ್ಟು ಬರೆದ ಪುಸ್ತಕ ಕೆಲಸ ಮಾಡಿತು. ಮನೆಯಲ್ಲಿ ಯಾರೂ ನಂಬಿರಲಿಲ್ಲ. ಭಾವ "ಇದೇನಮ್ಮಾ, ಆಡಿಟ್ಟಾ?" ಅಂದಿದ್ದರು. ಅಕ್ಕನಂತೂ ಒಂದು ಸಲ ಪುಸ್ತಕವನ್ನೇ ಕಿತ್ತು ಎಸೆದಳು. ವಾರ್ಡಿನ ಒಬ್ಬ ಡಾಕ್ಟರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಈಗ ಚಿಕಿತ್ಸೆಯ ದೊಡ್ಡ ಭಾಗ ಮುಗಿದಿದೆ, ಅದೇ ಭಾವ ತಮ್ಮ ಆಫೀಸಿನಲ್ಲಿ ಯಾರ ಮನೆಯಲ್ಲಾದರೂ ಕೀಮೋ ಶುರುವಾದರೆ "ಒಂದು ನೋಟ್‌ಬುಕ್ ಇಡ್ರೀ" ಅಂತ ಹೇಳಿಕೊಡುತ್ತಿದ್ದಾರಂತೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುವವಳು. ಬಯಾಪ್ಸಿ ಅಂದರೇನು, ಪೋರ್ಟ್ ಯಾಕೆ ಹಾಕುತ್ತಾರೆ ಅನ್ನೋದನ್ನೆಲ್ಲ ಇಲ್ಲಿ ವಿವರಿಸಲ್ಲ. ನಿಮ್ಮ ಮನೆಯಲ್ಲೂ ಯಾರಿಗೋ ಇದು ನಡೆಯುತ್ತಿದೆ, ಆ ಮಾತುಗಳೆಲ್ಲ ಆಗಲೇ ಬಾಯಿಪಾಠ ಆಗಿರುತ್ತವೆ ಅಂತಲೇ ಅಂದುಕೊಂಡಿದ್ದೇನೆ. ಅಕ್ಕನ ದಾರಿ ಹೀಗಿತ್ತು: ಮೊದಲು ಸರ್ಜರಿ, ಒಂದು ಸ್ತನ ಪೂರ್ತಿ ತೆಗೆದರು, ಕಂಕುಳಿನಿಂದ ಕೆಲವು ಗಂಟುಗಳನ್ನೂ ತೆಗೆದರು. ರಿಪೋರ್ಟಿನಲ್ಲಿ ಇಆರ್ (ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತೆ ಅನ್ನೋ ಗುರುತು) ಪಾಸಿಟಿವ್, ಹರ್-2 (ಗಡ್ಡೆ ಬೇಗ ಬೆಳೆಯುವಂತೆ ಮಾಡುವ ಪ್ರೋಟೀನ್) ಮಾತ್ರ 2 ಪ್ಲಸ್, ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅದನ್ನು ಜೀನ್ ನೋಡಿ ಖಚಿತ ಮಾಡುವ ಫಿಶ್ ಟೆಸ್ಟ್ ಮಾಡಿಸಿದ ಮೇಲೆ ಪಾಸಿಟಿವ್ ಅಂತ ಆಯ್ತು. ಆಮೇಲೆ 21 ದಿನಕ್ಕೊಂದರಂತೆ 4 ಎಸಿ ಕೀಮೋ (ಎರಡು ಔಷಧಿ ಸೇರಿದ್ದು), ವಾರಕ್ಕೊಂದರಂತೆ 12 ಪ್ಯಾಕ್ಲಿಟಾಕ್ಸೆಲ್ (ಇನ್ನೊಂದು ಕೀಮೋ ಔಷಧಿ), ಅದರ ಜೊತೆಗೇ ಶುರುವಾಗಿ ಒಂದು ವರ್ಷ ನಡೆಯುವ, ಹರ್-2ಗೇ ಗುರಿಯಿಡುವ ಟ್ರಾಸ್ಟುಜುಮಾಬ್, ರೇಡಿಯೇಷನ್, ಕೊನೆಗೆ ಹಾರ್ಮೋನನ್ನು ತಡೆಯುವ ಟಾಮಾಕ್ಸಿಫೆನ್ ಮಾತ್ರೆ.

ಪುಸ್ತಕಕ್ಕೆ ಮೊದಲು ಕೈಕೊಟ್ಟ ಉಪಾಯಗಳನ್ನು ಹೇಳುತ್ತೇನೆ. ಇವುಗಳಲ್ಲಿ ಒಂದನ್ನಾದರೂ ನೀವು ಈಗ ಮಾಡುತ್ತಿರುತ್ತೀರಿ ಅಂತ ನನ್ನ ಅನುಮಾನ.

ಮೊದಲನೆಯದು ವಾಟ್ಸಾಪ್ ಗುಂಪಿನಲ್ಲಿ ಡ್ಯೂಟಿ ಪಟ್ಟಿ. ಯಾರು ಯಾವತ್ತು ಆಸ್ಪತ್ರೆಗೆ, ಯಾರು ಅಡುಗೆಗೆ, ಯಾರು ಮಕ್ಕಳಿಗೆ. ಸರ್ಜರಿ ವಾರದಲ್ಲಿ ಒಬ್ಬರ ಮೇಲೊಬ್ಬರು ಬಂದು ಬಿದ್ದರು, ಅಕ್ಕನಿಗೆ ನಿದ್ದೆ ಮಾಡಲೂ ಬಿಡಲಿಲ್ಲ. ಕೀಮೋ ಶುರುವಾಗುವ ಹೊತ್ತಿಗೆ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವುಗಳು. ಜನ ಕೆಟ್ಟವರಲ್ಲ. ಯಾವಾಗ ಬೇಕು, ಏನು ಬೇಕು ಅಂತ ಅವರಿಗೆ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ.

ಎರಡನೆಯದು ಮೊಬೈಲ್ ಆ್ಯಪ್. ಒಂದಲ್ಲ, ಒಂದಾದ ಮೇಲೊಂದು ಹಾಕಿ ನೋಡಿದೆ. ಅವು ಟಿಂಗ್ ಅಂತ ಸದ್ದು ಮಾಡಿ, ನಗುವ ಮುಖ ಅಳುವ ಮುಖ ತೋರಿಸಿ, ಇವತ್ತು ಹೇಗಿದ್ದೀರಿ ಅಂತ ಕೇಳುತ್ತವೆ. ವಾಕರಿಕೆಯಲ್ಲಿ ಮುಖ ಗೋಡೆ ಕಡೆ ತಿರುಗಿಸಿ ಮಲಗಿದವಳು ಯಾವ ಮುಖ ಒತ್ತಬೇಕು?

ಮೂರನೆಯದು ಗೋಡೆ ಕ್ಯಾಲೆಂಡರ್. ಇದು ಸರಿಯಾಗೇ ಹೋಗುತ್ತಿತ್ತು, ಮೊದಲ ಕೀಮೋವೇ ಮುಂದಕ್ಕೆ ಹೋಗುವ ತನಕ. ಕೌಂಟ್ (ರಕ್ತಕಣಗಳ ಲೆಕ್ಕ) ಬಂದಿಲ್ಲ ಅಂತ ಕೆಲವು ದಿನ ತಳ್ಳಿದರು. ಮುಂದಿನ ಎರಡು ತಿಂಗಳಿಗೆ ನಾನು ಬಣ್ಣಬಣ್ಣದ ಪೆನ್ನಲ್ಲಿ ಬರೆದಿದ್ದೆಲ್ಲ ಒಂದೇ ಏಟಿಗೆ ತಪ್ಪಾಯಿತು.

ಅಲ್ಲೇ ತಲೆಗೆ ಹೊಳೆದದ್ದು. ದೇಹಕ್ಕೆ ತಾರೀಖು ಗೊತ್ತಿಲ್ಲ, ಔಷಧಿ ಒಳಗೆ ಹೋಗಿ ಎಷ್ಟು ದಿನ ಆಯ್ತು ಅನ್ನೋದು ಮಾತ್ರ ಗೊತ್ತು. ಹಾಗಾದರೆ ತಾರೀಖನ್ನು ಬಿಟ್ಟುಬಿಡೋಣ. ಕೀಮೋ ಹಾಕಿದ ದಿನ 1. ಅಲ್ಲಿಂದ 21. ಒಂದು ದೊಡ್ಡ ಉದ್ದನೆ ಪುಸ್ತಕ ತಂದೆ, ಗೋದಾಮಿನಲ್ಲಿ ಬಳಸುವಂಥದ್ದೇ. ಅಡ್ಡಕ್ಕೆ 21 ಮನೆ ಹಾಕಿದೆ. ಉದ್ದಕ್ಕೆ ಜ್ವರ ಬೆಳಿಗ್ಗೆ–ಸಂಜೆ, ವಾಕರಿಕೆ 10ಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಹೊಟ್ಟೆ ಹೋಯ್ತಾ ಇಲ್ವಾ, ಬಾಯಿ ಹುಣ್ಣು, ಹೊಟ್ಟೆಗೆ ಏನು ಸೇರಿತು, ಮತ್ತೆ ಕೊನೆಯಲ್ಲಿ ಒಂದು ಸಾಲು, ಅವತ್ತು ಅಕ್ಕ ಏನಂದಳು ಅಂತ. ಎರಡನೇ ಕೀಮೋ ಬಂದಾಗ ಹೊಸ ಪುಟ ತಿರುಗಿಸಬಾರದು, ಗುಟ್ಟಿರೋದು ಇಲ್ಲೇ. ಅದೇ ಹಾಳೆಯಲ್ಲಿ ಕೆಳಗೆ ಬರೆಯಬೇಕು, 4ನೇ ದಿನದ ಕೆಳಗೆ 4ನೇ ದಿನವೇ ಬರುವ ಹಾಗೆ. ಆಗ ಕಣ್ಣು ಮೇಲಿಂದ ಕೆಳಗೆ ಇಳಿಸಿದರೆ ಸಾಕು.

ಮೊದಲ ಕೀಮೋದಲ್ಲಿ ಪುಸ್ತಕದಿಂದ ಏನೂ ಉಪಯೋಗ ಇಲ್ಲ. ಅದನ್ನು ಒಪ್ಪಿಕೊಂಡೇ ಬರೆಯಬೇಕು. ಅದು ಬೀಜದ ಲೆಕ್ಕ. ಅಕ್ಕ ನರಳುತ್ತಿದ್ದಾಳೆ, ನೀನು ಗೀಟು ಎಳೀತಿದ್ದೀಯಲ್ಲ ಅಂತ ಎಲ್ಲರೂ ಬೈದದ್ದು ಇದೇ ಹೊತ್ತಲ್ಲಿ. ಬೈಸಿಕೊಂಡೇ ಬರೆದೆ.

ಏನು ಸಿಕ್ಕಿತು ನೋಡಿ. 1, 2, 3ನೇ ದಿನ ವಾಕರಿಕೆ ಅಷ್ಟಿಲ್ಲ, ಆದರೆ ನಿದ್ದೆ ಮೂರು ಗಂಟೆಗಿಂತ ಕಮ್ಮಿ. ರಾತ್ರಿ ಎದ್ದು ಕಪಾಟು ಜೋಡಿಸುತ್ತಿದ್ದಳು. 3ನೇ ದಿನದಿಂದ ಹೊಟ್ಟೆ ಕಟ್ಟಿಕೊಂಡಿತು. 4ನೇ ದಿನ ದಬಕ್ಕನೆ ಬಿದ್ದಳು, ಬೆಳಿಗ್ಗೆಯಿಂದ ಅಳು, "ನನಗೆ ಇದೆಲ್ಲ ಬೇಡ, ನಿಲ್ಲಿಸಿಬಿಡಿ" ಅನ್ನೋ ಮಾತು. 6ರಿಂದ 10ರ ತನಕ ಬಾಯಿ ಹುಣ್ಣು. 16ರ ಹೊತ್ತಿಗೆ ದಿಂಬಿನ ಮೇಲೆ ಕೂದಲು. 17ರಿಂದ 20 ಹೆಚ್ಚುಕಡಿಮೆ ಹಳೇ ಅಕ್ಕ, ಜಗಳ ಆಡುವಷ್ಟು ಚುರುಕು.

ಇದನ್ನು ಹಿಡಿದುಕೊಂಡು ಎರಡನೇ ಕೀಮೋಗೆ ಮೊದಲು ಡಾಕ್ಟರ ಹತ್ತಿರ ಹೋದೆ. ವಾರ್ಡಿನವರಲ್ಲ, ನಮ್ಮ ಮುಖ್ಯ ಡಾಕ್ಟರು. "ತುಂಬಾ ಕಷ್ಟ ಆಯ್ತು ಡಾಕ್ಟ್ರೇ" ಅಂದರೆ ಅವರಿಗೆ ಏನೂ ತಿಳಿಯಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ಹಾಳೆ ತೋರಿಸಿದೆ. ಅವರು ಅರ್ಧ ನಿಮಿಷ ನೋಡಿದರು, ಮೂರು ಬದಲಾವಣೆ ಬರೆದುಕೊಟ್ಟರು. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಮಾತ್ರೆಯನ್ನು ಅಕ್ಕ ರಾತ್ರಿ ಊಟ ಆದ ಮೇಲೆ ತಗೊಳ್ಳುತ್ತಿದ್ದಳು. ಅದೇ ನಿದ್ದೆ ಕದಿಯುತ್ತಿದ್ದದ್ದು. ಎರಡನೇ ಮಾತ್ರೆ ಮಧ್ಯಾಹ್ನಕ್ಕೇ ಮುಗಿಸಿ ಅಂದರು. ರಾತ್ರಿಗೆ ಸಣ್ಣ ಡೋಸಿನ ಓಲಾಂಜಪೈನ್ ಸೇರಿಸಿದರು. ಅದು ವಾಕರಿಕೆಗೂ ಆಗುತ್ತೆ, ನಿದ್ದೆಯೂ ಬರುತ್ತೆ. ವಾಂತಿಗೇ ಕೊಡುವ ಒಂಡಾನ್ಸೆಟ್ರಾನ್ ಹೊಟ್ಟೆ ಕಟ್ಟುತ್ತೆ, ಅದಕ್ಕೆ ಕಟ್ಟಿದ ಮೇಲೆ ಒದ್ದಾಡದೆ 1ನೇ ದಿನದಿಂದಲೇ ಹೊಟ್ಟೆ ಸಡಿಲ ಮಾಡುವ ಲ್ಯಾಕ್ಸೆಟಿವ್ ಶುರು ಮಾಡಿ ಅಂದರು.

ಇನ್ನು 4ನೇ ದಿನದ ಅಳು. ಸ್ಟೀರಾಯ್ಡ್ 3ನೇ ದಿನಕ್ಕೆ ನಿಲ್ಲುತ್ತೆ. ಮರುದಿನ ಮನಸ್ಸು ಕುಸಿಯುವುದು ಅದರಿಂದಲೂ ಇರಬಹುದು ಅಂದರು. ಇದೊಂದು ಮಾತು ನಮ್ಮ ಮನೆಗೆ ಮಾಡಿದ ಉಪಕಾರ ಯಾವ ಮಾತ್ರೆಯೂ ಮಾಡಲಿಲ್ಲ. ಎರಡನೇ ಸಲ 4ನೇ ದಿನ ಬಂದಾಗ ಅಳು ಬಂತು, ತಪ್ಪಲಿಲ್ಲ, ಆದರೆ ಯಾರೂ ಗಾಬರಿಯಾಗಲಿಲ್ಲ, ಭಾವ ಎದುರು ಮಾತಾಡಲಿಲ್ಲ, ಮಕ್ಕಳನ್ನು ಅವತ್ತು ನಾನು ಕರೆದುಕೊಂಡು ಹೋದೆ. ಮೂರನೇ ಸಲ ಅಕ್ಕನೇ ಬೆಳಿಗ್ಗೆ ಎದ್ದು ಹೇಳಿದಳು: "ಇವತ್ತು ನಾಲ್ಕು. ನಾನು ಏನಂದ್ರೂ ಲೆಕ್ಕಕ್ಕಿಲ್ಲ." ಆಮೇಲೆ ಭಾವನಿಗೆ ಸರಿಯಾಗಿ ಬೈದಳು. ಎಲ್ಲರೂ ಸುಮ್ನೆ ಬೈಸಿಕೊಂಡರು.

ಪುಸ್ತಕ ಎಸೆದದ್ದು ಇದಕ್ಕೆ ಸ್ವಲ್ಪ ಮೊದಲು. ದಿನಕ್ಕೆ ಹತ್ತು ಸಲ "ವಾಕರಿಕೆ ಎಷ್ಟು? ಹತ್ತಕ್ಕೆ ಎಷ್ಟು?" ಅಂತ ಕೇಳುತ್ತಿದ್ದೆ. "ನಾನೇನು ನಿನ್ನ ಗೋದಾಮಿನ ಮೂಟೆನಾ? ಅಕ್ಕ ಕಣೇ ನಾನು!" ಅಂತ ಕೂಗಿ ಎಸೆದಳು. ಅಲ್ಲಿಂದ ಒಂದು ಒಪ್ಪಂದ ಆಯ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅಷ್ಟೇ ಕೇಳಬೇಕು. ಉಳಿದ ಹೊತ್ತು ಕಾಯಿಲೆ ಮಾತೇ ಎತ್ತಬಾರದು. ಹಾಳೆಯಲ್ಲಿ ಒಂದು ಸಾಲು ಅವಳದ್ದು, ಅದರಲ್ಲಿ ಅವಳು ಏನು ಬೇಕಾದರೂ ಬರೆಯಬಹುದು, ಅದರ ಬಗ್ಗೆ ನಾನು ಕೇಳುವಂತಿಲ್ಲ. ಬಹಳ ದಿನ ಅಲ್ಲಿ ಬರೀ ಕಾಟು ಗುರುತು ಇರುತ್ತಿತ್ತು. ಒಂದು ಕಡೆ "ಟಿವಿ ಚೆನ್ನಾಗಿತ್ತು" ಅಂತಿತ್ತು.

"ಏನು ಬೇಕು ನಿಂಗೆ?" ಅನ್ನೋ ಪ್ರಶ್ನೆಯನ್ನೂ ಆಗಲೇ ಬಿಟ್ಟೆ. ಸುಸ್ತಾದವರಿಗೆ ಆ ಪ್ರಶ್ನೆಯೇ ಇನ್ನೊಂದು ಕೆಲಸ. "ಕಿಟಕಿ ತೆಗೀಲಾ ಮುಚ್ಚಲಾ?" "ತಣ್ಣಗಿರೋದು ತರಲಾ, ಬಿಸಿಯದ್ದು ತರಲಾ?" ಹೀಗೆ ಎರಡು ಕೊಟ್ಟು ಕೇಳಿದರೆ ತಲೆ ಅಲ್ಲಾಡಿಸಿದರೂ ಉತ್ತರ ಸಿಗುತ್ತೆ.

ಈಗ ಜ್ವರದ ವಿಷಯ. ಇದನ್ನು ನಿಧಾನವಾಗಿ ಓದಿ. ಎರಡನೇ ಕೀಮೋ, 10ನೇ ದಿನ ರಾತ್ರಿ. ಮೈ ಸ್ವಲ್ಪ ಬೆಚ್ಚಗಿದೆ ಅಂದಳು. ಥರ್ಮಾಮೀಟರ್ 100.6 ಫ್ಯಾರನ್‌ಹೀಟ್ ತೋರಿಸಿತು. ಮನೆಗೆ ಬಂದಿದ್ದ ಹಿರಿಯರೊಬ್ಬರು "ಇಷ್ಟಕ್ಕೆಲ್ಲ ಆಸ್ಪತ್ರೆನಾ, ಒಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸು, ಬೆಳಿಗ್ಗೆ ನೋಡೋಣ" ಅಂದರು. ಬೇರೆ ದಿನವಾಗಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ. ಆದರೆ ಹಾಳೆಯಲ್ಲಿ 7ರಿಂದ 14ರ ತನಕ ಕೆಂಪು ಗೀಟು ಎಳೆದಿಟ್ಟಿದ್ದೆ, ಬಿಳಿ ರಕ್ತಕಣ ತಳ ಮುಟ್ಟುವ ದಿನಗಳು ಅಂತ. ಕೀಮೋ ನಡೆಯುವಾಗ ಜ್ವರ 100.4, ಅಂದರೆ 38 ಸೆಲ್ಸಿಯಸ್, ಮುಟ್ಟಿದರೆ ಅದು ತುರ್ತು, ಗಂಟೆ ಎಷ್ಟೇ ಆಗಿರಲಿ. ಮಾತ್ರೆ ಕೊಟ್ಟರೆ ಜ್ವರ ಇಳಿಯುತ್ತೆ, ಸೋಂಕು ಇಳಿಯಲ್ಲ, ಸುಮ್ನೆ ಮುಚ್ಚಿಹೋಗುತ್ತೆ. ಹೊರಟೇಬಿಟ್ಟೆವು. ಕ್ಯಾಶುಯಲ್ಟಿಯಲ್ಲಿ ನಾನು ಹೇಳಿದ ಮೊದಲ ವಾಕ್ಯ: "ಕೀಮೋ ಹಾಕಿ ಇವತ್ತು ಹತ್ತನೇ ದಿನ, ಜ್ವರ 100.6, ಯಾವ ಮಾತ್ರೆಯೂ ಕೊಟ್ಟಿಲ್ಲ." ಸಾಲಿನಲ್ಲಿ ಕೂರಿಸಲಿಲ್ಲ. ರಕ್ತ ತೆಗೆದು, ಒಂದು ಗಂಟೆ ಒಳಗೇ ಆ್ಯಂಟಿಬಯೋಟಿಕ್ ಏರಿಸಿದರು. ರಿಪೋರ್ಟ್ ಬಂದಾಗ ನ್ಯೂಟ್ರೋಫಿಲ್, ಅಂದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ, 500ಕ್ಕಿಂತ ಎಷ್ಟೋ ಕೆಳಗಿತ್ತು. ಹತ್ತಿರ ಹತ್ತಿರ ಒಂದು ವಾರ ಆಸ್ಪತ್ರೆಯಲ್ಲಿದ್ದೆವು. ಆ ಹಿರಿಯರು ನೋಡಲು ಬಂದರು, ಪ್ಯಾರಾಸಿಟಮಾಲ್ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ಎತ್ತಬೇಕು ಅನ್ನಿಸಿತ್ತು.

ಮೂರನೇ ಕೀಮೋದಿಂದ ಕೌಂಟ್ ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಸೇರಿತು. ಕೀಮೋ ಮುಗಿದು ಕನಿಷ್ಠ 24 ಗಂಟೆ ಆದ ಮೇಲೆ ಕೊಡುತ್ತಾರೆ. ಕೌಂಟ್ ಬೀಳಲಿಲ್ಲ, ಆದರೆ ಹಾಳೆಯಲ್ಲಿ ಹೊಸ ಗುರುತು ಬಂತು. 3ರಿಂದ 5ರ ತನಕ ಸೊಂಟ, ತೊಡೆಯ ಮೂಳೆ ನೋವು. ಮೊದಲ ಎರಡು ಸಲ ಇಲ್ಲದ್ದು ಅಂತ ಕೂಡಲೇ ಕಂಡಿತು, ಇಂಜೆಕ್ಷನ್ನಿಂದಲೇ ಅಂತ ಡಾಕ್ಟರೂ ಹೇಳಿದರು. ಕಾಯಿಲೆ ಮೂಳೆಗೆ ಹೋಯ್ತೇನೋ ಅಂತ ಅಕ್ಕ ಒಂದು ರಾತ್ರಿ ಹೆದರಿದ್ದಳು. ಹಾಳೆ ಇರದಿದ್ದರೆ ಇನ್ನೂ ಎಷ್ಟು ರಾತ್ರಿ ಹೆದರುತ್ತಿದ್ದಳೋ.

ನೆಂಟರ ಸಮಸ್ಯೆಯೂ ಇದರಿಂದಲೇ ಬಗೆಹರಿಯಿತು. "ಯಾವಾಗ ಬರಲಿ?" ಅಂದವರಿಗೆ 17ರಿಂದ 20ರ ಒಳಗಿನ ದಿನ ನೋಡಿ ಹೇಳುತ್ತಿದ್ದೆ. ಸಹಾಯ ಮಾಡುತ್ತೇನೆ ಅಂದವರಿಗೆ 4ನೇ ದಿನ ಮಕ್ಕಳನ್ನು ನೋಡಿಕೊಳ್ಳಿ, 5ನೇ ದಿನ ಬಟ್ಟೆ ಒಗೆದುಕೊಡಿ ಅಂತ ಕೆಲಸ ಹಂಚಿದೆ. ಹೀಗೆ ನಿರ್ದಿಷ್ಟವಾಗಿ ಕೇಳಿದಾಗ ಯಾರೂ ಇಲ್ಲ ಅನ್ನಲಿಲ್ಲ. ನೆಗಡಿ ಇದ್ದವರು ಯಾವ ದಿನವೂ ಬೇಡ. ಕ್ಯಾನ್ಸರಿನಿಂದ ಹೋದವರ ಕಥೆಯನ್ನೇ ಹೊತ್ತು ತರುವ ಒಬ್ಬರಿದ್ದರು, ಎಲ್ಲರ ಮನೆಯಲ್ಲೂ ಇರುತ್ತಾರೆ ಅಲ್ವಾ? ಅವರ ಬಾಯಿ ಹೇಗೆ ಮುಚ್ಚಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅವರಿಗೂ ಓದಲು ಬರುತ್ತೆ.

ದುಡ್ಡಿನ ಮಾತಿಗೆ ಬರೋಣ. ಎಲ್ಲರೂ ಸರ್ಜರಿಗೇ ಹೆದರುತ್ತಾರೆ. ಭಾವನೂ ಕೂಡಿಟ್ಟದ್ದೆಲ್ಲ ಸರ್ಜರಿಗೇ ತೆಗೆದಿಡಲು ಹೊರಟಿದ್ದರು. ನೆನಪಿನಿಂದ ಹೇಳುವುದಾದರೆ, ಒಟ್ಟು ಖರ್ಚನ್ನು 10 ಪಾಲು ಮಾಡಿದರೆ ಸರ್ಜರಿ ಹೆಚ್ಚುಕಡಿಮೆ 2 ಪಾಲು. ಎಸಿ, ಪ್ಯಾಕ್ಲಿಟಾಕ್ಸೆಲ್ ಎರಡೂ ಸೇರಿ 1. ರೇಡಿಯೇಷನ್ 1. ಟ್ರಾಸ್ಟುಜುಮಾಬ್ ಒಂದೇ 4ರ ಹತ್ತಿರ. ಉಳಿದ 2 ಪಾಲು ಯಾರೂ ಮೊದಲೇ ಹೇಳದ ಖರ್ಚು: ಓಡಾಟ, ಪ್ರತಿ ಕೀಮೋಗೆ ಮುಂಚಿನ ರಕ್ತ ಪರೀಕ್ಷೆ, ಕೌಂಟ್ ಏರಿಸುವ ಇಂಜೆಕ್ಷನ್, ಜ್ವರದ ದಾಖಲಾತಿ, 3 ತಿಂಗಳಿಗೊಂದು ಎಕೋ (ಹೃದಯದ ಸ್ಕ್ಯಾನ್), ಪೋರ್ಟ್ (ಔಷಧಿ ಏರಿಸಲು ಚರ್ಮದ ಕೆಳಗೆ ಕೂರಿಸಿದ್ದು) ತೊಳೆಸುವುದು. ನನ್ನ ಸಂಬಳ ಇಲ್ಲದ ರಜೆ ಇದರಲ್ಲಿ ಸೇರಿಲ್ಲ, ಅದನ್ನು ಲೆಕ್ಕ ಹಾಕಲು ಹೋಗಿಲ್ಲ. ನಿಮ್ಮ ಮನೆಯ ಪಾಲು ಬೇರೆ ಇರುತ್ತೆ, ಹರ್-2 ನೆಗೆಟಿವ್ ಆದರೆ ಆ 4 ಪಾಲು ಇರುವುದೇ ಇಲ್ಲ. ನಾನು ಹೇಳುವುದು ಇಷ್ಟೇ, ಕೈಯಲ್ಲಿರುವುದನ್ನೆಲ್ಲ ಮೊದಲ ಬಿಲ್ಲಿಗೆ ಸುರಿಯಬೇಡಿ. ಹರ್-2 ಮತ್ತು ಫಿಶ್ ರಿಪೋರ್ಟ್ ಬರುವ ತನಕ ಒಟ್ಟು ಖರ್ಚು ಯಾರಿಗೂ ಗೊತ್ತಿರಲ್ಲ.

ಟ್ರಾಸ್ಟುಜುಮಾಬ್ ವಿಷಯದಲ್ಲಿ ನಾನು ಉಳಿಸಿದ್ದು ಕಮ್ಮಿ ಅಲ್ಲ. ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಈಗ ಬಯೋಸಿಮಿಲರ್‌ಗಳು, ಅಂದರೆ ಅದೇ ಥರದ ಬೇರೆ ಕಂಪನಿಯ ಔಷಧಿಗಳು, ಬಂದಿವೆ, ಮೂಲ ಬ್ರ್ಯಾಂಡಿಗಿಂತ ಅಗ್ಗ. "ಕಮ್ಮಿ ರೇಟಿನದ್ದು ಹಾಕಿಸ್ತೀಯಾ ಅಕ್ಕನಿಗೆ?" ಅಂತ ಒಬ್ಬರು ಕೇಳಿದರು. ಡಾಕ್ಟರೇ ಬರೆದುಕೊಟ್ಟದ್ದು, ಪರೀಕ್ಷೆ ಆಗಿ ಒಪ್ಪಿಗೆ ಪಡೆದದ್ದು, ಹಾಕಿಸುತ್ತೇನೆ ಅಂದೆ. ಇನ್ನೊಂದು ಲೆಕ್ಕ ಸೀಸೆಯದ್ದು. ಇದರ ಡೋಸು ತೂಕದ ಮೇಲೆ. 3 ವಾರಕ್ಕೊಂದರ ಪದ್ಧತಿಯಲ್ಲಿ ಮೊದಲ ಸಲ ಕಿಲೋಗೆ 8 ಮಿ.ಗ್ರಾಂ, ಆಮೇಲೆ ಪ್ರತಿ ಸಲ 6. ಅಕ್ಕನ ತೂಕ 50 ಕಿಲೋ ಆಸುಪಾಸು. ಅಂದರೆ ಮೊದಲ ಸಲ 400, ಆಮೇಲೆ 300. ನಮಗೆ ಸಿಗುತ್ತಿದ್ದ ಸೀಸೆಗಳು 440 ಮತ್ತು 150ರದ್ದು. ಮೊದಲ ಸಲಕ್ಕೆ 440 ಸರಿ. ಆಮೇಲೂ 440 ಒಡೆದರೆ ಪ್ರತಿ ಸಲ 140 ಮಿ.ಗ್ರಾಂ ಉಳಿಯುತ್ತೆ. 150ರದ್ದು ಎರಡು ಒಡೆದರೆ ಒಂದು ಹನಿಯೂ ಉಳಿಯಲ್ಲ. ವರ್ಷಕ್ಕೆ 17–18 ಡೋಸು, ಲೆಕ್ಕ ನೀವೇ ಹಾಕಿ. ಸ್ಟಾಕ್ ಬರೆಯುವವಳ ಕಣ್ಣಿಗೆ ಇದು ಬಿದ್ದೇ ಬೀಳುತ್ತೆ. ಡಾಕ್ಟರನ್ನು ಕೇಳಿದೆ, "ಧಾರಾಳವಾಗಿ ಮಾಡಿ" ಅಂದರು. ನಿಮ್ಮ ತೂಕಕ್ಕೆ, ನಿಮಗೆ ಸಿಗುವ ಸೀಸೆಗೆ ಲೆಕ್ಕ ಬೇರೆ ಬರಬಹುದು, ಕೇಳಿಯೇ ಮಾಡಿ.

ವಿಮೆಯವರು ಮೊದಲು ಟ್ರಾಸ್ಟುಜುಮಾಬ್ ಖರ್ಚನ್ನು ತಿರಸ್ಕರಿಸಿದರು. ಕಾರಣ, ಅರ್ಜಿ ಜೊತೆ ಹೋದ ರಿಪೋರ್ಟಿನಲ್ಲಿ ಹರ್-2 "2 ಪ್ಲಸ್" ಅಂತಿತ್ತು. ಫಿಶ್ ರಿಪೋರ್ಟ್ ಬೇರೆ ಹಾಳೆ, ಅದನ್ನು ಕಳಿಸುವವರು ಬಿಟ್ಟಿದ್ದರು. ಎರಡನ್ನೂ ಪಿನ್ ಮಾಡಿ, ಡಾಕ್ಟರ ಪತ್ರ ಮೇಲಿಟ್ಟು ಕಳಿಸಿದ ಮೇಲೆ ಒಪ್ಪಿದರು. ಪುಸ್ತಕದ ಹಿಂಬದಿಯಲ್ಲಿ ಫೋನ್ ಪಟ್ಟಿ ಇಟ್ಟಿದ್ದೆ. ಯಾರು ಮಾತಾಡಿದರು, ಯಾವ ಹೊತ್ತು, ಏನಂದರು. "ನಾವು ಹಾಗೆ ಹೇಳಿಲ್ಲ ಮೇಡಂ" ಅಂದಾಗ ಹೆಸರು, ಗಂಟೆ ಓದಿ ಹೇಳಿದರೆ ಧ್ವನಿಯೇ ಬದಲಾಗುತ್ತೆ. ಬಿಲ್ಲನ್ನೂ ದಿನದ ಹಾಳೆ ಜೊತೆ ಇಟ್ಟು ನೋಡಿ. ನಮಗೆ ಒಮ್ಮೆ ಒಂದೇ ವಾಂತಿ ಇಂಜೆಕ್ಷನ್ನನ್ನು ಎರಡು ಸಲ ಹಾಕಿದ್ದರು, ಇಂಜೆಕ್ಷನ್ ಅಲ್ಲ, ಬಿಲ್ಲಿನಲ್ಲಿ. ತೋರಿಸಿದೆ, ತೆಗೆದರು. ಬಿಲ್ಲಿಂಗ್ ಕೌಂಟರಿನಲ್ಲಿ ಡಿಸ್ಚಾರ್ಜ್ ಬೇಗ ಆಗುವಂತೆ ಮಾಡುವ ಒಂದು ಉಪಾಯವೂ ಇದೆ. ಎಲ್ಲರೂ ಮಾಡಿದರೆ ಅದು ಕೆಲಸ ಮಾಡಲ್ಲ, ಅದಕ್ಕೆ ಹೇಳಲ್ಲ.

ಸಣ್ಣಪುಟ್ಟ ಪ್ರಯೋಗಗಳು. ಕೂದಲು ಉಳಿಸುವ ತಣ್ಣನೆ ಟೋಪಿ ಬಗ್ಗೆ ವಿಚಾರಿಸಿದೆ. ಎಸಿಯಂಥ ಕೀಮೋದಲ್ಲಿ ಅದು ಅಷ್ಟಾಗಿ ಫಲ ಕೊಡಲ್ಲ ಅಂದರು, ಕೀಮೋ ಮುಗಿದ ಮೇಲೂ ಒಂದು–ಒಂದೂವರೆ ಗಂಟೆ ಹಾಕಿಕೊಂಡೇ ಇರಬೇಕು. ಅಕ್ಕ "ಕೂದಲು ಬರುತ್ತೆ ಬಿಡು, ನೆಗಡಿ ಯಾಕೆ" ಅಂದಳು, ಬಿಟ್ಟೆವು. ಎಸಿಯಲ್ಲಿನ ಕೆಂಪು ಔಷಧಿ, ಅದೇ ಡಾಕ್ಸೊರುಬಿಸಿನ್, ಹಾಕುವಾಗ ಬಾಯಲ್ಲಿ ಐಸ್ ಇಟ್ಟುಕೊಂಡು ನೋಡಿದಳು. ಹುಣ್ಣು ಸ್ವಲ್ಪ ಕಮ್ಮಿ ಆಯ್ತು ಅಂತ ಹಾಳೆ ಹೇಳುತ್ತೆ, ಆದರೆ ಅದೇ ಸಲ ಉಪ್ಪು–ಸೋಡಾ ನೀರಲ್ಲಿ ಬಾಯಿ ಮುಕ್ಕಳಿಸುವುದನ್ನೂ ಶುರು ಮಾಡಿದ್ದಳು, ಯಾವುದರ ಪುಣ್ಯವೋ. ನಾಲಿಗೆಗೆ ಕಬ್ಬಿಣದ ರುಚಿ ಬಂದಾಗ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಕೊಟ್ಟೆ, ಇದು ಖಂಡಿತ ಕೆಲಸ ಮಾಡಿತು. ಊಟ ಆರಿಸಿ ಕೊಟ್ಟರೆ ವಾಸನೆ ಕಮ್ಮಿ, ಒಳಗೆ ಹೋಗುವುದು ಜಾಸ್ತಿ. ಗಿಡಮೂಲಿಕೆ ಪುಡಿ, ಕಷಾಯ ತಂದುಕೊಟ್ಟವರು ಬಹಳ. ಎಲ್ಲವನ್ನೂ ಕಪಾಟಿನಲ್ಲಿಟ್ಟೆ, ಒಂದನ್ನೂ ಕೊಡಲಿಲ್ಲ. ಯಾವುದು ಯಾವ ಔಷಧಿ ಜೊತೆ ಜಗಳ ಆಡುತ್ತೋ ಯಾರಿಗೆ ಗೊತ್ತು.

ಪ್ಯಾಕ್ಲಿಟಾಕ್ಸೆಲ್‌ನಲ್ಲಿ ಇನ್ನೊಂದು ಪ್ರಯೋಗ. ಹಾಕುವಾಗ ಕೈಗೆ ಐಸ್ ಗ್ಲೌಸ್ ಹಾಕಿಸಿದೆವು. ಕಾಲಿಗೂ ಹಾಕೋಣ ಅಂದರೆ ಅಕ್ಕ ಒಪ್ಪಲಿಲ್ಲ, ಚಳಿ ತಡೆಯಕ್ಕಾಗಲ್ಲ ಅಂದಳು. ಕೈಯ ಜೋಮು ಬೇಗ ಹೋಯ್ತು, ಕಾಲಿನದ್ದು ಇನ್ನೂ ಸ್ವಲ್ಪ ಇದೆ. ಒಬ್ಬಳ ಕೈಕಾಲಿನಿಂದ ಏನೂ ಸಾಬೀತಾಗಲ್ಲ ಅಂತ ಗೊತ್ತು. ಆದರೂ ನಾನು ಗ್ಲೌಸ್ ಪರ.

ಪುಸ್ತಕ ಸೋತದ್ದೂ ಇದೇ ಪ್ಯಾಕ್ಲಿಟಾಕ್ಸೆಲ್ ಹೊತ್ತಲ್ಲಿ. ವಾರಕ್ಕೊಂದು ಅಂದರೆ 7 ಮನೆ ಸಾಕು ಅಂತ ಹೊಸ ಹಾಳೆ ಹಾಕಿದೆ. ವಾಕರಿಕೆ, ನಿದ್ದೆ ಎಲ್ಲ ಚೆನ್ನಾಗಿತ್ತು, ಬರೆಯಲು ಏನೂ ಇಲ್ಲದಷ್ಟು. ಆದರೆ ಜೋಮು ಬಂದು ಹೋಗುವ ಜಾತಿಯದ್ದಲ್ಲ, ವಾರ ವಾರ ಸ್ವಲ್ಪ ಸ್ವಲ್ಪ ಏರುತ್ತಾ ಹೋಗುತ್ತೆ. "ಹೋದ ವಾರದಷ್ಟೇ" ಅಂತಲೇ ಅಕ್ಕ ಪ್ರತಿ ಸಲ ಹೇಳುತ್ತಿದ್ದಳು. ಅದಕ್ಕೆ ಬೇರೆ ಪರೀಕ್ಷೆ ಬೇಕಾಯ್ತು. ಕಣ್ಣು ಮುಚ್ಚಿ ಅಂಗಿ ಗುಂಡಿ ಹಾಕು, ನಾಣ್ಯ ಎತ್ತು. ಎಂಟನೇ ವಾರದ ಹೊತ್ತಿಗೆ ಗುಂಡಿ ತಪ್ಪತೊಡಗಿತು. ಡಾಕ್ಟರಿಗೆ ಹೇಳಿದೆ, ಡೋಸು ಇಳಿಸಿದರು. ಜೋಮು ಆದವರು ಹೇಳಲ್ಲ, ಹೇಳಿದರೆ ಔಷಧಿ ಕಮ್ಮಿ ಮಾಡುತ್ತಾರೆ ಅಂತ ಹೆದರುತ್ತಾರೆ. ನೀವೇ ನೋಡಬೇಕು.

ಡ್ರೈನ್ (ಗಾಯದ ನೀರು ಹೊರತೆಗೆಯುವ ಕೊಳವೆ) ವಿಷಯ ಸರ್ಜರಿ ಆದವರಿಗೆ ಗೊತ್ತೇ ಇರುತ್ತೆ, ಜಾಸ್ತಿ ಹೇಳಲ್ಲ. ದಿನಕ್ಕೆ ಎರಡು ಸಲ ಅಳೆದು ಬರೆಯಿರಿ. ನಮ್ಮವರು 24 ಗಂಟೆಗೆ 30 ಮಿ.ಲೀ.ಗಿಂತ ಕೆಳಗೆ, ಸತತ ಎರಡು ದಿನ ಬಂದರೆ ತೆಗೆಯುತ್ತೇವೆ ಅಂದಿದ್ದರು, ಎರಡು ವಾರ ಹಿಡಿಯಿತು. ಭುಜದ ವ್ಯಾಯಾಮಕ್ಕೆ ಗೋಡೆಗೆ ಬೆರಳು ಹತ್ತಿಸುತ್ತಾ ಹೋಗಿ, ಮುಟ್ಟಿದ ಕಡೆ ಪೆನ್ಸಿಲ್ ಗೀಟು ಹಾಕುತ್ತಿದ್ದೆವು. ಈಗಲೂ ತಿಂಗಳಿಗೊಮ್ಮೆ ಎರಡೂ ತೋಳನ್ನು ಟೇಪಿನಿಂದ ಅಳೆಯುತ್ತೇನೆ, ಮೊಣಕೈಯಿಂದ 10 ಸೆಂ.ಮೀ. ಮೇಲೆ ಮತ್ತು ಕೆಳಗೆ. ಎರಡು ತೋಳಿನ ನಡುವಿನ ವ್ಯತ್ಯಾಸ ಮೊದಲಿಗಿಂತ 2 ಸೆಂ.ಮೀ. ಜಾಸ್ತಿಯಾದರೆ ಲಿಂಫೆಡೀಮ (ನೀರು ತುಂಬಿ ತೋಳು ಊದುವುದು) ಇರಬಹುದು, ತೋರಿಸಬೇಕು. ತೋಳು ಭಾರ ಅನ್ನಿಸಿದರೆ ಟೇಪನ್ನೂ ಕಾಯಬೇಕಿಲ್ಲ.

ರೇಡಿಯೇಷನ್ 15 ಸಿಟ್ಟಿಂಗ್, ವಾರಕ್ಕೆ 5 ದಿನ, 3 ವಾರ. ಮಶೀನಿನ ಕೆಳಗೆ ಕೆಲವೇ ನಿಮಿಷ, ಓಡಾಟಕ್ಕೆ ಅರ್ಧ ದಿನ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಕೊನೆಯ ಸಿಟ್ಟಿಂಗ್ ಮುಗಿದ ದಿನ ಎಲ್ಲರೂ ಅಭಿನಂದನೆ ಹೇಳಿ ತಮ್ಮ ಪಾಡಿಗೆ ಹೋಗುತ್ತಾರೆ. ಚರ್ಮ ಜಾಸ್ತಿ ಕೆಂಪಾಗಿ ಉರಿಯುವುದು ಅದಾಗಿ ಒಂದೆರಡು ವಾರಕ್ಕೆ, ಸುಸ್ತು ಕೂಡ ಆಗಲೇ. ನಾನು ರಜೆ ಉಳಿಸಿಟ್ಟುಕೊಂಡಿದ್ದು ಆ ವಾರಗಳಿಗೆ. "ಮುಗೀತಲ್ಲ, ಈಗ್ಯಾಕೆ ರಜೆ?" ಅಂತ ಆಫೀಸಿನಲ್ಲಿ ಕೇಳಿದರು.

ಈಗ ಟಾಮಾಕ್ಸಿಫೆನ್ ನಡೆಯುತ್ತಿದೆ, ಕನಿಷ್ಠ 5 ವರ್ಷ. ಮೈ ಬಿಸಿಯಾಗಿ ಬೆವರುವುದು ಜೋರಾಗಿತ್ತು, ಮನಸ್ಸೂ ಕುಗ್ಗಿತ್ತು. ಬೇರೊಬ್ಬ ಡಾಕ್ಟರು ಅದಕ್ಕೆ ಪ್ಯಾರಾಕ್ಸೆಟಿನ್ ಮಾತ್ರೆ ಬರೆದುಕೊಟ್ಟಿದ್ದರು. ಅದು ಟಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರಬಹುದು ಅಂತ ಮುಖ್ಯ ಡಾಕ್ಟರು ತಡೆದು ವೆನ್ಲಾಫ್ಯಾಕ್ಸಿನ್‌ಗೆ ಬದಲಾಯಿಸಿದರು. ಅದು ಮೈ ಬಿಸಿಯನ್ನೂ ಸ್ವಲ್ಪ ಕಮ್ಮಿ ಮಾಡಿತು. ಯಾರು ಏನು ಬರೆದುಕೊಟ್ಟರೂ ಪೂರ್ತಿ ಔಷಧಿ ಪಟ್ಟಿ ತೋರಿಸಿ, ಹಲ್ಲಿನ ಡಾಕ್ಟರಿಗೂ. ಎಕೋದಲ್ಲಿ ಹೃದಯದ ಪಂಪಿಂಗ್ ಶೇಕಡಾ 60ರ ಮೇಲಿದ್ದದ್ದು 55ರ ಆಸುಪಾಸಿಗೆ ಇಳಿದಿತ್ತು, ನಿಲ್ಲಿಸುವಷ್ಟಲ್ಲ ಅಂದರು, ಟ್ರಾಸ್ಟುಜುಮಾಬ್ ಪೂರ್ತಿ ಮಾಡಿದೆವು.

ಹಾಳೆಯ ಖಾಲಿ ನಮೂನೆ ಕೇಳಿದವರಿಗೆಲ್ಲ ಗೀಟು ಹಾಕಿ ಕೊಟ್ಟಿದ್ದೇನೆ. ಕೊಡುವಾಗ ಒಂದೇ ಷರತ್ತು, ಕೊನೆಯ ಸಾಲನ್ನು ಕಾಯಿಲೆಯವರಿಗೇ ಬಿಡಬೇಕು. ಪೋರ್ಟ್ ಹೋದ ತಿಂಗಳು ತೆಗೆಸಿದೆವು. ಅದರ ಬಿಲ್ಲನ್ನು ವಿಮೆಯವರು ಇನ್ನೂ ಕೊಟ್ಟಿಲ್ಲ, ಹಾಕುವುದಕ್ಕೆ ಒಪ್ಪಿಗೆ ಇತ್ತು, ತೆಗೆಯುವುದಕ್ಕೆ ಇಲ್ಲ ಅನ್ನುತ್ತಿದ್ದಾರೆ. ಹಾಕಿದ್ದನ್ನು ಒಳಗೇ ಬಿಡಬೇಕಿತ್ತಾ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಫೋನ್ ಮಾಡಬೇಕು.